ಗುಂಯ್‌ಗುಡುವ ರಕ್ತ

ಎಚ್‌ಐವಿ ಹರಡಬಲ್ಲ ರಕ್ತ ಗಾಳಿ ಸೋಕಿದರೆ ದುಂಬಿಯಂತೆ ಗುಂಯ್‌ಗುಡುವುದು ಗದಗಿನ ಮಕ್ಕಳಿಗೂ ಗೊತ್ತು. ಮಿಮಿಕ್ರಿ ಮಾಡುವ ಫಕ್ಕೀರೇಶನಿಗೆ ಎಚ್‌ಐವಿ ಇದ್ದರೂ, ಏಳು ವರ್ಷ ತಪ್ಪದೆ ಮಾತ್ರೆ ನುಂಗಿದ್ದರಿಂದ ಅವನ ರಕ್ತ ಮೂಕವಾಗಿತ್ತು. ಆದರೂ ಸುದ್ದಿ ಹೊರಬಿದ್ದದ್ದೇ ತಡ, ಐದಾರು ಮಂದಿ ಅವನನ್ನು ಕ್ಷೌರದಂಗಡಿಯಿಂದ ಬೀದಿಗೆಳೆದು ಬಡಿಗೆಯಿಂದ ತದುಕಿದರು.

“ಊರು ಕೆಡಸ್ತೀಯೇನಲೇ?” ಎಂದು ಮುಂದಾಳು ಗುರುಪಾದ ಬಾಯಿಗೇ ಗುದ್ದಿದ. ಫಕ್ಕೀರೇಶನ ಹಲ್ಲು ಮುರಿಯಿತು. ಗುರುಪಾದನ ಬೆರಳ ಗೆಣ್ಣೂ ಒಡೆದು ರಕ್ತ ಜಿನುಗಿತು.

ಗುಂಯ್!

ಎತ್ತಿದ ಬಡಿಗೆಗಳು ಹಾಗೇ ನಿಂತವು. “ಇವನ ರಕ್ತ ಆಗಿಂದ ಸುಮ್ನ ಹರೀತೈತಿ. ನಮ್ಮೊಳಗ ಯಾರದಲೇ ಇದು? ಕಡದ ಹಾಕ್ರಿ ಅವನ್ನ!” ಎಂದು ಗುಂಪಿನಲ್ಲೊಬ್ಬ ಕೂಗಿದ.

ಗುರುಪಾದ ಬಿಳಿಚಿಕೊಂಡು ಮುಷ್ಟಿಯನ್ನು ಬೆನ್ನ ಹಿಂದೆ ಅಡಗಿಸಿದ. ಅದನ್ನು ಕಂಡ ಫಕ್ಕೀರೇಶ ಆ ಸದ್ದು ಮುಳುಗುವಷ್ಟು ಜೋರಾಗಿ ತಾನೇ ಗುಂಯ್ ಎಂದ. “ಅದೂ ನಂದ ಮಿಮಿಕ್ರಿರೀಪಾ! ಹೊಟ್ಟಿಪಾಡು!”

ಅವರು ನಕ್ಕು, ಪಕ್ಕೆಗೆ ಇನ್ನೆರಡು ಒದ್ದು ಹೋದರು. ಗುರುಪಾದ ಮಾತ್ರ ಕದಲಲಿಲ್ಲ.

“ಗುರುಪಾದಣ್ಣ, ನಾಳೆ ನನ್ನ ಜೋಡಿ ದವಾಖಾನಿಗೆ ಬಾ,” ಎಂದ ಫಕ್ಕೀರೇಶ, ರಕ್ತ ಉಗುಳುತ್ತ. “ದಿನಾ ಮಾತ್ರಿ ತಗೊಂಡ್ರ ಅದು ಸುಮ್ಮನಾಗ್ತೈತಿ. ಅಲ್ಲೀತನಕ ಮನ್ಯಾಗ ಕಾಂಡೋಮ್ ಮರೀಬ್ಯಾಡ. ದಿನಾ ನಿನ್ನ ಸಲುವಾಗಿ ಗುಂಯ್ ಅನ್ನಾಕ ನನಗ ಹಲ್ಲರ ಎಲ್ಲಿ ಉಳಿಸೀದಿ?”