ನನ್ನ ಪಾಲಿನ ಇಂಗ್ಲಿಷ್ ಪದ

ಹೊಸ ಕೊಡೆಯ ಬಟ್ಟೆಯ ವಾಸನೆ ಬಂದರೆ ಈಗಲೂ ನನ್ನ ಅಂಗೈ ಉರಿಯುತ್ತದೆ.

ಶಿಕಾರಿಪುರದಿಂದ ನಮ್ಮೂರ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಅವರ ಮುಂದೆ ಇಂಗ್ಲಿಷ್ ಹೇಳಿಸಲು ಮೇಷ್ಟ್ರು ಒಂದು ಕ್ರಮ ಮಾಡಿದ್ದರು. ಒಬ್ಬೊಬ್ಬರೂ ಮನೆಯಿಂದ ಒಂದೊಂದು ಸಾಮಾನು ತಂದು, ಎತ್ತಿ ಹಿಡಿದು, ಅದರ ಇಂಗ್ಲಿಷ್ ಹೆಸರು ಹೇಳಬೇಕು. ಅವ್ವ ನನಗೆ ಕೊಟ್ಟು ಕಳಿಸಿದ್ದು ತುದಿ ಸವೆದ ಪೊರಕೆ. ಹದಿನೈದು ದಿನದ ಅಭ್ಯಾಸದಲ್ಲಿ ಕೇಳಿ ಕೇಳಿ ಎಲ್ಲರ ಪದಗಳೂ ನನಗೆ ಬಾಯಿಪಾಠವಾಗಿದ್ದವು.

ಇನ್‌ಸ್ಪೆಕ್ಟರು ಬಂದ ದಿನ ಮಧ್ಯಾಹ್ನ ನಾನು "ಬ್ರೂಮ್" ಎಂದು ಹೇಳಿ ಕೂತೆ. ಆಮೇಲೆ ಪಟೇಲರ ಮಗ ಎದ್ದು ತನ್ನ ಹೊಸ ಕೊಡೆ ಬಿಚ್ಚಿದ. ಅದರ ವಾಸನೆ ಕೋಣೆಯ ತುಂಬ ಹರಡಿತು, ಅವನ ಬಾಯಿಂದ ಮಾತ್ರ ಪದ ಬರಲಿಲ್ಲ. ನನಗೆ ತಡೆಯಲಾಗಲಿಲ್ಲ. "ಅಂಬ್ರೆಲಾ" ಅಂದುಬಿಟ್ಟೆ.

"ಈ ಹುಡುಗಿ ಚುರುಕಾಗಿದಾಳೆ ಕಣ್ರೀ," ಎಂದು ಇನ್‌ಸ್ಪೆಕ್ಟರು ನಕ್ಕರು. ಮೇಷ್ಟ್ರು ನಗಲಿಲ್ಲ.

ಇನ್‌ಸ್ಪೆಕ್ಟರು ಅತ್ತ ಹೋದದ್ದೇ ತಡ, ನನ್ನ ಅಂಗೈಗೆ ನಾಲ್ಕು ಏಟು ಬಿದ್ದವು. "ಪಟೇಲ್ರ ಮಗನ ಮಾತು ನೀನ್ಯಾಕೆ ಹೇಳಿದ್ಯೇ? ನಿನ್ನ ಪಾಲಿಂದು ಕೈಯಾಗೇ ಐತಲ್ಲ, ಕಸ ಗುಡಿಸು," ಅಂದರು ಮೇಷ್ಟ್ರು.

ಉಳಿದವರೆಲ್ಲ ಮನೆಗೆ ಹೋದರು. ನಾನು ಆ ಪೊರಕೆಯಲ್ಲೇ ಶಾಲೆಯ ಮೂರೂ ಕೋಣೆ ಗುಡಿಸಿದೆ.

ಸಂಜೆ ಅವ್ವನಿಗೆ ನಡೆದದ್ದೆಲ್ಲ ಹೇಳಿ ಬಾತ ಕೈ ತೋರಿಸಿದೆ. ಅವಳು ಹರಳೆಣ್ಣೆ ಬಿಸಿ ಮಾಡಿ ಸವರಿದಳು. ಮೇಷ್ಟ್ರನ್ನು ಬೈಯುತ್ತಾಳೆಂದು ಕಾದೆ.

"ನಮ್ಮನೇಲಿ ಕೊಡೆನೇ ಇಲ್ಲ," ಅಂದಳು. "ಅದರ ಹೆಸರು ಕಲಿಯಾಕೆ ನಿಂಗೆ ಯಾರು ಹೇಳಿದ್ರು?"