ಸೀಟಿ ಊದುವವನ ಉಸಿರು

ಹದ್ದುಗಳು ಎತ್ತಿನಗಾಡಿಯಷ್ಟು ದೊಡ್ಡವಾದ ಮೇಲೆ ಫೋಟೋ ತೆಗೆಯುವವರು ಜೋಡಿಯಾಗಿಯೇ ಬೆಟ್ಟ ಹತ್ತುತ್ತಿದ್ದರು. ಒಬ್ಬ ಹದ್ದಿನ ಬೇಟೆಯಂತೆ ಬಂಡೆಯ ಮೇಲೆ ಬೋರಲು ಮಲಗಬೇಕು. ಇನ್ನೊಬ್ಬ ಫೋಟೋ ತೆಗೆಯುತ್ತಾ, ಹದ್ದು ಎರಗುವ ಮುಂಚೆ ಸೀಟಿ ಊದಬೇಕು. ಸೀಟಿ ಕೇಳಿದ ಕೂಡಲೇ ಮಲಗಿದವನು ಬಂಡೆಯ ಸಂದಿಗೆ ಉರುಳಿಕೊಳ್ಳಬೇಕು.

ಇವತ್ತು ಕ್ಯಾಮೆರಾ ಹಿಡಿದವನು ಜವರ, ಮಲಗಿದ್ದವನು ಅವನ ಅಕ್ಕನ ಗಂಡ ಮಾಯಿಗಯ್ಯ.

"ಲೇ ಬಾಮೈದ, ಹೀರೋ ಎಂಟ್ರಿ ಯಾವಾಗ್ಲಾ?"

"ಬಂದೇಬಿಟ್ಟ ಭಾವ, ಸ್ಲೋ ಮೋಷನ್ನಲ್ಲಿ! ನೀವು ಹೆಣದ ಪಾತ್ರ, ಡೈಲಾಗ್ ಹೊಡೀಬೇಡಿ."

ಜವರ ಸೀಟಿಯನ್ನು ತುಟಿಯಲ್ಲಿ ಕಚ್ಚಿಕೊಂಡ. ಹದ್ದು ರೆಕ್ಕೆ ಮಡಚಿ ಕಲ್ಲಿನಂತೆ ಬಿತ್ತು. ಉಗುರು, ಕೊಕ್ಕು, ಭಾವನ ಬೆನ್ನು ಒಂದೇ ಚೌಕಟ್ಟಿಗೆ ಬಂದವು. ಕ್ಯಾಮೆರಾ ಅಲುಗದಿರಲೆಂದು ಅವನು ಎಂದಿನಂತೆ ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದ, ಮತ್ತೆ ಕ್ಲಿಕ್ಕಿಸಿದ. ಉಸಿರು ಬಿಟ್ಟರೆ ಫೋಟೋ ಕೆಡುತ್ತದೆ, ಬಿಡದಿದ್ದರೆ ಸೀಟಿ ಊದಲಾಗದು. ಉಗುರಿನ ನೆರಳು ಭಾವನ ಕತ್ತಿನ ಮೇಲೆ ಬಿದ್ದಾಗ ಅಕ್ಕನ ಮುಖ ಕಣ್ಣಿಗೆ ಕಟ್ಟಿತು. ಊದಿದ.

ಮಾಯಿಗಯ್ಯ ಉರುಳಿದ. ಅವನ ಅಂಗಿಯ ಬೆನ್ನು ಹದ್ದಿನ ಜೊತೆ ಹಾರಿಹೋಯಿತು.

ಎದ್ದು ಬಂದವನು ಫೋಟೋಗಳನ್ನು ಒಂದೊಂದಾಗಿ ನೋಡಿದ.

"ಒಂದೂ ಅಲುಗಿಲ್ವಲ್ಲಾ! ಕೊನೇವರ್ಗೂ ಉಸಿರು ಹಿಡ್ಕಂಡೇ ಕುಂತಿದ್ದೀಯ."

"ಭಾವ, ಅದು..."

ಮಾಯಿಗಯ್ಯ ಸೀಟಿ ಕಿತ್ತುಕೊಂಡು ತಲೆಯೆತ್ತಿದ. ಹದ್ದು ಮತ್ತೆ ಸುತ್ತು ಹಾಕುತ್ತಿತ್ತು.

"ಬಂಡೆ ಮ್ಯಾಲೆ ಮನೀಕೊಳ್ಲಾ. ಈಗ ನಿನ್ ಸರದಿ. ನನ್ ಫೋಟೋನೂ ಅಲುಗಲ್ಲ."