ಕೆಂಚಮ್ಮಜ್ಜಿಯ ಒಗೆಯುವ ಕಲ್ಲು

ಬಿಸಿಲಿಗೆ ಕಾದ ಕಲ್ಲಿನ ಮೇಲೆ ಸೋಪಿನ ನೀರು ಬಿದ್ದ ವಾಸನೆ ಬಂದರೆ ಇವತ್ತಿಗೂ ನನಗೆ ನಜರ್‌ಬಾದಿನ ಕೆಂಚಮ್ಮಜ್ಜಿ ನೆನಪಾಗುತ್ತಾರೆ.

ಪಕ್ಕದ ಮನೆಯ ಆ ಅಜ್ಜಿ ಬಟ್ಟೆ ಒಗೆಯುವ ಕಲ್ಲಿನ ಅಂಚಿನಲ್ಲಿ ಅಕ್ಷರಗಳಿವೆ ಎಂದು ಅಪ್ಪನಿಗೆ ಹೇಳಿದವಳು ನಾನೇ. ಹಳೆಯ ಊರುಗಳ ಮಣ್ಣು ಅಗೆಸುತ್ತಲೇ ಕೂದಲು ನರೆತಿದ್ದ ಅಪ್ಪ ಆಗ ಮ್ಯೂಸಿಯಂನ ನಿರ್ದೇಶಕರು. ಮರುದಿನವೇ ಆಳುಗಳೊಂದಿಗೆ ಬಂದರು.

“ಗಂಗರ ಕಾಲದ ಶಾಸನ ಕೆಂಚಮ್ಮನೋರೇ. ನಮ್ಮಲ್ಲಿ ಜೋಪಾನವಾಗಿರುತ್ತೆ,” ಎಂದು ಕೈಮುಗಿದು, ಬದಲಿಗೆ ಹೊಸ ಚಪ್ಪಡಿ ಹಾಕಿಸಿದರು. ಅಜ್ಜಿ ಆಗಲಿ ಎಂಬಂತೆ ತಲೆಯಾಡಿಸಿದರು. ಅಪ್ಪ ನನ್ನ ಬೆನ್ನು ತಟ್ಟಿದಾಗ ನಾನು ಬೀಗಿದೆ.

ಕೆಲವು ತಿಂಗಳ ನಂತರ, ಒಂದು ಮಧ್ಯಾಹ್ನ, ಕಲ್ಲು ನೋಡಬೇಕೆಂದು ಅಜ್ಜಿ ಕೇಳಿದ್ದಕ್ಕೆ ಅವರನ್ನು ಮ್ಯೂಸಿಯಂಗೆ ಕರೆದೊಯ್ದೆ. ಅವರು ಕಲ್ಲಿನ ನುಣುಪು ಸವರಲು ಹೋದರು.

“ಮುಟ್ಬಾರ್ದು ಕಣಮ್ಮ,” ಎಂದ ಕಾವಲುಗಾರ.

ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಆಮೇಲೆ ಕಲ್ಲಿನ ಪಕ್ಕದ ವಿವರದ ಚೀಟಿ ತೋರಿಸಿ, “ಮದ್ವೆಯಾದ ವರ್ಸ ನಮ್ಮೆಜಮಾನ್ರು ಗಾಡೀಲಿ ಏರ್ಕೊಂಡ್ ಬಂದು ಆಕಿದ್ದು ಈ ಕಲ್ಲು. ಅವ್ರ್ ಎಸ್ರು ಬರ್ದವ್ರಾ ಮಗ?” ಎಂದರು.

ಅಪ್ಪನ ಅಕ್ಷರದಲ್ಲಿ ಕಾಲ, ಲಿಪಿ, ಸಿಕ್ಕ ಜಾಗ ಮಾತ್ರ ಇದ್ದವು.

“ಬರ್ದಿದಾರೆ ಅಜ್ಜಿ,” ಎಂದೆ.

ಅವರ ಯಜಮಾನರ ಹೆಸರು ನನಗೆ ಗೊತ್ತಿರಲಿಲ್ಲ. ಆಮೇಲೂ ನಾನು ಕೇಳಲಿಲ್ಲ.